ಚಂಚಲತೆಯೋ, ಉನ್ಮಾದವೋ: ಮಕ್ಕಳ ಬೈಪೋಲಾರ್ ವಿವಾದದ ಹಿನ್ನೆಲೆ

ಇಪ್ಪತ್ತನೇ ಶತಮಾನದ ಬಹುಕಾಲ, ಉನ್ಮಾದ (ಮಿತಿಮೀರಿದ ಹುರುಪಿನ ಸ್ಥಿತಿ) ಮತ್ತು ಖಿನ್ನತೆ ಸರದಿಯಾಗಿ ಕಾಡುವ ಬೈಪೋಲಾರ್ ಕಾಯಿಲೆ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ತೀರಾ ಅಪರೂಪ ಎಂದೇ ಮನೋವೈದ್ಯರು ನಂಬಿದ್ದರು. 1995ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಜಾನೆಟ್ ವೋಜ್ನಿಯಾಕ್, ಜೋಸೆಫ್ ಬೀಡರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ತಮ್ಮ ಚಿಕಿತ್ಸಾಲಯಕ್ಕೆ ಬಂದ ಎಳೆಯರಲ್ಲಿ ಶೇ 16ರಷ್ಟು ಮಂದಿಗೆ ಉನ್ಮಾದದ ಲಕ್ಷಣಗಳಿವೆ, ಅವರಲ್ಲಿ ಬಹುತೇಕ ಎಲ್ಲರಿಗೂ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಕೂಡ ಇದೆ ಎಂದು ಅವರು ವರದಿ ಮಾಡಿದರು. ಆ ಮಕ್ಕಳಲ್ಲಿ ಎದ್ದು ಕಂಡದ್ದು ಅತಿಯಾದ ಹಿಗ್ಗಲ್ಲ, ಬಹುಕಾಲದಿಂದ ಬಿಡದೆ ಕಾಡುತ್ತಿದ್ದ ಸಿಡಿಮಿಡಿ. ವಿವಾದದ ಬೇರು ಇರುವುದು ಇಲ್ಲಿಯೇ.

ಎಡೆಬಿಡದ ಮಾತು, ಒಂದೆಡೆ ನಿಲ್ಲದ ಗಮನ, ಮಿತಿಮೀರಿದ ಚಟುವಟಿಕೆ ಇವು ಎಡಿಎಚ್‌ಡಿ ಮತ್ತು ಉನ್ಮಾದ ಎರಡರ ಲಕ್ಷಣಪಟ್ಟಿಯಲ್ಲೂ ಇವೆ. ಇವುಗಳ ಜೊತೆಗೆ ಸಿಟ್ಟನ್ನೂ ಉನ್ಮಾದದ ಲೆಕ್ಕಕ್ಕೆ ಹಿಡಿದರೆ ಎಡಿಎಚ್‌ಡಿ ಇರುವ ಮುಂಗೋಪಿ ಮಗುವಿಗೆ ಬೈಪೋಲಾರ್ ಹಣೆಪಟ್ಟಿ ಬೀಳುವುದು ಸುಲಭ. ಅಮೆರಿಕದಲ್ಲಿ ಬೈಪೋಲಾರ್ ಎಂದು ಗುರುತಿಸಲಾದ ಮಕ್ಕಳು ಮತ್ತು ಹದಿಹರೆಯದವರ ವೈದ್ಯಭೇಟಿಗಳು 1994–95ರಲ್ಲಿ ವರ್ಷಕ್ಕೆ ಪ್ರತಿ ಲಕ್ಷ ಜನಸಂಖ್ಯೆಗೆ 25 ಇದ್ದದ್ದು, 2002–03ರ ಹೊತ್ತಿಗೆ 1,003ಕ್ಕೆ ಏರಿದವು. ಕಾಯಿಲೆಯೊಂದು ಎಂಟು ವರ್ಷಗಳಲ್ಲಿ ನಲವತ್ತು ಪಟ್ಟು ಹಬ್ಬಿತೆಂದು ಒಪ್ಪುವುದು ಕಷ್ಟ. ಬದಲಾದದ್ದು ಮುಖ್ಯವಾಗಿ ವೈದ್ಯರು ಗುರುತಿಸುವ ರೀತಿ.

ಇದಕ್ಕೆ ಎರಡು ಕಡೆಯಿಂದ ಉತ್ತರ ಬಂತು. ಅಮೆರಿಕದ ಸೇಂಟ್ ಲೂಯಿಸ್‌ನ ಮನೋವೈದ್ಯೆ ಬಾರ್ಬರಾ ಗೆಲ್ಲರ್, ಕಾರಣವಿಲ್ಲದ ಹಿಗ್ಗು, ತಾನೇ ದೊಡ್ಡವನೆಂಬ ಭ್ರಮೆ, ನಿದ್ದೆಯ ಅಗತ್ಯವೇ ತಗ್ಗುವುದು ಮುಂತಾದ, ಎಡಿಎಚ್‌ಡಿಯಲ್ಲಿ ವಿರಳವಾದ ಲಕ್ಷಣಗಳಿಗೆ ಒತ್ತು ಕೊಟ್ಟರು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಎಲೆನ್ ಲೈಬೆನ್‌ಲುಫ್ಟ್ 2003ರಲ್ಲಿ, ಸರದಿಯಾಗಿ ಬಂದುಹೋಗುವ ಉನ್ಮಾದವನ್ನು ಸದಾಕಾಲದ ಸಿಡುಕಿನಿಂದ ಬೇರ್ಪಡಿಸಿದರು. ಸದಾ ಸಿಡುಕುವ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದಾಗ, ಅವರಲ್ಲಿ ಮುಂದೆ ಹೆಚ್ಚಾಗಿ ಕಂಡದ್ದು ಖಿನ್ನತೆ ಮತ್ತು ಆತಂಕವೇ ಹೊರತು ಬೈಪೋಲಾರ್ ಅಲ್ಲ. ಈ ಕೆಲಸದ ಫಲವಾಗಿ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಅಂಥ ಮಕ್ಕಳಿಗೆ ಪ್ರತ್ಯೇಕ ರೋಗನಿರ್ಣಯವನ್ನೇ ಸೇರಿಸಿತು. ನಮ್ಮ ನಿಮ್ಹಾನ್ಸ್‌ನ ಅಧ್ಯಯನಗಳಲ್ಲಿಯೂ, ಬೈಪೋಲಾರ್ ಇರುವ ಮಕ್ಕಳಲ್ಲಿ ಎಡಿಎಚ್‌ಡಿ ಪ್ರಮಾಣ ಬಾಸ್ಟನ್ ವರದಿಗಿಂತ ಬಹಳ ಕಡಿಮೆ ಇತ್ತು.

ಹಾಗಾಗಿ ಅನುಭವಿ ವೈದ್ಯರು ತಾಯಿತಂದೆಯರನ್ನು ಮೊದಲು ಕೇಳುವುದು ‘ಯಾವಾಗಿನಿಂದ ಹೀಗೆ?’ ಎಂದು. ಎಡಿಎಚ್‌ಡಿ ಎಳವೆಯಿಂದಲೇ, ದಿನನಿತ್ಯ ಇರುತ್ತದೆ. ಉನ್ಮಾದವಾದರೆ ಮಗುವಿನ ಎಂದಿನ ಸ್ವಭಾವವೇ ಕನಿಷ್ಠ ಒಂದು ವಾರ ಬದಲಾಗಿರುತ್ತದೆ. ನಿದ್ದೆಯ ವಿಚಾರಣೆಯಂತೂ ಬಹಳ ನೆರವಿಗೆ ಬರುತ್ತದೆ. ಎಡಿಎಚ್‌ಡಿ ಇರುವ ಹುಡುಗ ರಾತ್ರಿ ಹನ್ನೊಂದಾದರೂ ಮಲಗದೆ, ಬೆಳಿಗ್ಗೆ ಶಾಲೆಗೆ ಎಬ್ಬಿಸಿದರೆ ತೂಕಡಿಸುತ್ತಾನೆ. ಉನ್ಮಾದದಲ್ಲಿರುವ ಹುಡುಗಿ ಮೂರೇ ಗಂಟೆ ಮಲಗಿ, ನಸುಕಿಗೆ ಮುಂಚೆ ಎದ್ದು, ಕಪಾಟಿನ ಬಟ್ಟೆಯನ್ನೆಲ್ಲ ಹೊರಗೆಳೆದು ಜೋಡಿಸತೊಡಗಿದರೂ ದಣಿವೆನ್ನುವುದಿಲ್ಲ.

ಎರಡೂ ತೊಂದರೆಗಳು ಒಂದೇ ಮಗುವಿನಲ್ಲಿರುವುದೂ ಉಂಟು. ಆಗ ವೈದ್ಯರು ಸಾಮಾನ್ಯವಾಗಿ ಮೊದಲು ಮನಸ್ಥಿತಿಯನ್ನು ಹತೋಟಿಗೆ ತಂದು, ಆಮೇಲೆ ಎಡಿಎಚ್‌ಡಿ ಔಷಧವನ್ನು ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ.