ಎಕ್ಕೆಗಿಡದ ಪಾತರಗಿತ್ತಿಗೆ ಗ್ರೀಕ್ ರಾಜಕುಮಾರನ ಹೆಸರು

ಬಳ್ಳಾರಿಯಲ್ಲಿ ಗುಡ್ಡದ ಬುಡ, ಖಾಲಿ ನಿವೇಶನ, ರೈಲ್ವೆ ಹಳಿಯ ಬದಿ, ಎಲ್ಲಿ ಎಕ್ಕೆಗಿಡವಿದೆಯೋ ಅದರ ಸುತ್ತ ಒಂದು ಕಿತ್ತಳೆ ಬಣ್ಣದ ಚಿಟ್ಟೆ ಸುಳಿಯುತ್ತಿರುತ್ತದೆ. ರೆಕ್ಕೆಗೆ ಕಪ್ಪು ಅಂಚು, ಮುಂದಿನ ರೆಕ್ಕೆಯ ತುದಿಗೆ ಬಿಳಿ ಪಟ್ಟಿ. ನಮ್ಮ ಓಣಿಯ ಕನ್ನಡದಲ್ಲಿ ಪಾತರಗಿತ್ತಿ, ಪಕ್ಕದ ಮನೆಯ ತೆಲುಗಿನಲ್ಲಿ ಸೀತಾಕೋಕ ಚಿಲುಕ. ಆದರೆ ಇವೆರಡೂ ಎಲ್ಲ ಚಿಟ್ಟೆಗಳಿಗೂ ಸಲ್ಲುವ ಹೆಸರುಗಳು. ಇದೊಂದನ್ನೇ ಕರೆಯಬೇಕೆಂದರೆ ಇಂಗ್ಲಿಷಿನವರ ಪ್ಲೇನ್ ಟೈಗರ್ ಇದೆ, ಶಾಸ್ತ್ರದ ಡನಾಸ್ ಕ್ರೈಸಿಪ್ಪಸ್ ಇದೆ.

ಶನಿವಾರ ಹನುಮಪ್ಪನ ಹಾರಕ್ಕೆಂದು ಎಕ್ಕೆಯ ಎಲೆ ಕೀಳುವವರು ಇದರ ಹುಳುವನ್ನು ಕಂಡೇ ಇರುತ್ತಾರೆ: ಮೈತುಂಬ ಕಪ್ಪು ಬಿಳಿ ಪಟ್ಟೆ, ನಡುನಡುವೆ ಹಳದಿ ಚುಕ್ಕೆ, ಬೆನ್ನ ಮೇಲೆ ಮೂರು ಜೊತೆ ಕರಿ ಕೋಡು. ಎಕ್ಕೆಯ ಹಾಲಿನ ವಿಷ ಹುಳುವಿನ ಮೈಗೆ ಸೇರಿ ಚಿಟ್ಟೆಗೂ ದಾಟುತ್ತದೆ. ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಹಾರಾಟದಲ್ಲಿ ಕಾಣುವ ಆ ನಿಧಾನ ಈ ಧೈರ್ಯದ್ದು.

ಹೆಸರಿನ ಕತೆ 1758ರದು. ಪ್ರತಿ ಜೀವಿಗೂ ಕುಲದ್ದೊಂದು, ಅದರೊಳಗಿನ ಜಾತಿಯದ್ದೊಂದು ಎಂದು ಎರಡು ಪದದ ಹೆಸರು ಕೊಡುವ ವ್ಯವಸ್ಥೆ ಕಟ್ಟಿದ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ ಆಗ ಎಲ್ಲ ಚಿಟ್ಟೆಗಳನ್ನೂ ಪಪಿಲಿಯೋ ಎಂಬ ಒಂದೇ ಕುಲಕ್ಕೆ ತುಂಬಿದ. ಅಷ್ಟೊಂದಕ್ಕೆ ಹೆಸರು ಎಲ್ಲಿಂದ ತರುವುದು? ಗ್ರೀಕ್ ಪುರಾಣಕ್ಕೆ ಕೈ ಹಾಕಿದ. ಡನಾಸ್ ಮತ್ತು ಈಜಿಪ್ಟಸ್ ಅವಳಿಗಳು. ಡನಾಸ್‌ಗೆ ಐವತ್ತು ಹೆಣ್ಣುಮಕ್ಕಳು, ಈಜಿಪ್ಟಸ್‌ಗೆ ಐವತ್ತು ಗಂಡುಮಕ್ಕಳು; ಅವರವರಲ್ಲೇ ಮದುವೆ. ಮದುವೆಯ ರಾತ್ರಿಯೇ, ಅಪ್ಪ ಡನಾಸ್‌ನ ಮಾತಿನಂತೆ, ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಗಂಡಂದಿರನ್ನು ಕೊಂದರು. ಹೀಗೆ ಸತ್ತವರಲ್ಲಿ ಕ್ರೈಸಿಪ್ಪಸ್ ಒಬ್ಬ, ಪ್ಲೆಕ್ಸಿಪ್ಪಸ್ ಇನ್ನೊಬ್ಬ. ನಮ್ಮವನೊಬ್ಬ ಈ ಕೆಲಸಕ್ಕೆ ಕುಳಿತಿದ್ದರೆ ನೂರು ಮಂದಿ ಕೌರವರ ಹೆಸರೂ ಖರ್ಚಾಗುತ್ತಿತ್ತು. ಮುಂದೆ ಪೋಲೆಂಡಿನ ಪಾದ್ರಿ ಕ್ಲುಕ್ ಡನಾಸ್ ಎಂಬ ಬೇರೆ ಕುಲವನ್ನೇ ಮಾಡಿದ್ದರಿಂದ ಕ್ರೈಸಿಪ್ಪಸ್, ತನ್ನನ್ನು ಕೊಲ್ಲಿಸಿದ ಮಾವನ ಮನೆ ಸೇರಿದಂತಾಯಿತು. ಇಂದಿಗೂ ಲಿನ್ನೇಯಸ್‌ನ ಹೆಸರು ಮತ್ತು ಇಸವಿಯನ್ನು ಕಂಸದೊಳಗೆ ಬರೆಯುವುದು ಈ ಮನೆ ಬದಲಾವಣೆಯ ಗುರುತು.

ಕ್ರೈಸಿಪ್ಪಸ್‌ಗೆ ತಕರಾರು ಬರಲಿಲ್ಲ. ತಕರಾರೆಲ್ಲ ಲಿನ್ನೇಯಸ್ ಇನ್ನೊಂದು ಚಿಟ್ಟೆಗೆ ಇಟ್ಟ ಪ್ಲೆಕ್ಸಿಪ್ಪಸ್ ಎಂಬ ಹೆಸರಿನದು. ಲಿನ್ನೇಯಸ್ ಅದರ ನೆಲೆ ಉತ್ತರ ಅಮೆರಿಕ ಎಂದು ಬರೆದ, ಆದರೆ ವರ್ಣನೆಯಲ್ಲಿ ಮುಂದಿನ ರೆಕ್ಕೆಗೆ ಬಿಳಿ ಪಟ್ಟಿ ಕೊಟ್ಟ. ಅಮೆರಿಕದ ಮೊನಾರ್ಕ್ ಚಿಟ್ಟೆಗೆ ಆ ಪಟ್ಟಿಯೇ ಇಲ್ಲ. ಅದಿರುವುದು ನಮ್ಮಲ್ಲೂ ಹಾರುವ, ರೆಕ್ಕೆಯ ನರಗಳೆಲ್ಲ ಕಪ್ಪಾದ ಸ್ಟ್ರೈಪ್ಡ್ ಟೈಗರ್‌ಗೆ. ಹಾಗಾಗಿ ಒಂದೇ ಹೆಸರನ್ನು ಕೆಲವರು ಅದಕ್ಕೆ, ಕೆಲವರು ಇದಕ್ಕೆ ಬರೆದರು. ಊರೂರಿಗೆ ಹೆಸರು ಬೇರೆಯಾಗುತ್ತದೆಂದು ಕಟ್ಟಿದ ವ್ಯವಸ್ಥೆಯಲ್ಲೇ ಈ ಗೋಜಲು! ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಆಯೋಗ 1954ರಲ್ಲಿ ಪ್ಲೆಕ್ಸಿಪ್ಪಸ್ ಅನ್ನು ಮೊನಾರ್ಕ್‌ಗೆ ಖಾಯಂ ಮಾಡಿತು. ಪಟ್ಟೆಯ ಚಿಟ್ಟೆಗೆ, ಅಂದರೆ ಸ್ಟ್ರೈಪ್ಡ್ ಟೈಗರ್‌ಗೆ, ಡಚ್ ಕೀಟತಜ್ಞ ಕ್ರಾಮರ್ 1779ರಲ್ಲಿ ಇಟ್ಟಿದ್ದ ಜೆನ್ಯೂಷಿಯಾ ಎಂಬ ಹೆಸರು ಉಳಿಯಿತು.

ಬ್ರಿಟಿಷರ ಕಾಲದ ಚಿಟ್ಟೆ ಪುಸ್ತಕವನ್ನು ತೆರೆದು ಭಾರತದ ಪಟ್ಟಿಯಲ್ಲಿ ಪ್ಲೆಕ್ಸಿಪ್ಪಸ್ ಕಂಡರೆ ಮೊನಾರ್ಕ್ ತುಂಗಭದ್ರೆಯ ಮೇಲೆ ಹಾರುತ್ತಿತ್ತೆಂದು ತಿಳಿಯಬೇಡಿ. ಅಲ್ಲಿರುವುದು ಪಟ್ಟೆಯದು.