‘ಇದೆಲ್ಲ ನಿಮಗೇ ಆದದ್ದೇ?’

ಪ್ರಶ್ನೆ: ಮಲೆನಾಡಿನ ಮಳೆಗಾಲದಲ್ಲಿ ನಡೆಯುವ ಒಂದು ಶೃಂಗಾರದ ಕಥೆ ಬರೆದೆ. ಓದಿದವರು ಕಥೆಯ ಬಗ್ಗೆ ಮಾತಾಡದೆ ‘ಇದೆಲ್ಲ ನಿಮಗೇ ಆದದ್ದೇ?’ ಎಂದು ಕೇಳುತ್ತಾರೆ. ಚಿಕ್ಕಮ್ಮನಂತೂ ಅಮ್ಮನಿಗೆ ಫೋನ್ ಮಾಡಿ ವಿಚಾರಿಸಿದ್ದಾರೆ. ಏನು ಉತ್ತರ ಕೊಡಲಿ?

ಉತ್ತರ: ಕೊಡಬೇಡಿ. ಹೌದೆಂದರೆ ಪಜೀತಿ, ಇಲ್ಲವೆಂದರೆ ನಂಬುವವರಿಲ್ಲ. ಹೊಸದಾಗಿ ಬರೆಯುವವರು ನನಗೆ ಪದೇ ಪದೇ ಕಳಿಸುವ ಪ್ರಶ್ನೆ ಇದೇ. ಬರೆದವರ ಹೆಸರು, ಊರು ಬದಲಾಗುತ್ತವೆ. ಫೋನ್ ಮಾಡುವ ಚಿಕ್ಕಮ್ಮ ಮಾತ್ರ ಬದಲಾಗುವುದಿಲ್ಲ.

ಶೃಂಗಾರ ಬರೆದವರು ಅದನ್ನು ಅನುಭವಿಸಿಯೇ ಬರೆದಿರಬೇಕು ಎಂಬ ನಂಬಿಕೆಗೆ ಬುಡವಿಲ್ಲ. ಕೊಲೆಯ ಕಥೆ ಬರೆದವರ ಮನೆಗೆ ಯಾರೂ ಪೊಲೀಸರನ್ನು ಕಳಿಸುವುದಿಲ್ಲವಲ್ಲ! ಜನ್ನನ ‘ಯಶೋಧರ ಚರಿತೆ’ 1209ರ ಕಾವ್ಯ. ರಾಣಿ ಅಮೃತಮತಿ ರಾತ್ರಿಯಲ್ಲಿ ತೇಲಿಬಂದ ಹಾಡಿಗೆ, ಹಾಡಿದವನ ಮುಖವನ್ನೂ ನೋಡದೆ ಸೋಲುತ್ತಾಳೆ. ಅವನು ವಿಕಾರ ರೂಪದ ಮಾವುತ ಅಷ್ಟಾವಂಕ ಎಂದು ಗೊತ್ತಾದ ಮೇಲೂ ಅವಳ ಮನಸ್ಸು ಹಿಂದೆ ಸರಿಯುವುದಿಲ್ಲ. ಆ ಸೆಳೆತವನ್ನು ಜನ್ನ ಯಾವ ಸ್ವಾನುಭವದಿಂದ ಬರೆದ? ಹೊಯ್ಸಳ ವೀರಬಲ್ಲಾಳ ಅವನಿಗೆ ‘ಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟ, ವಿಚಾರಣೆಗೆ ಕರೆಯಲಿಲ್ಲ.

ಈ ತಕರಾರು ಹೊಸದೂ ಅಲ್ಲ. ಕವಿ ಶೃಂಗಾರಿಯಾದರೆ ಕಾವ್ಯದಲ್ಲಿ ಜಗತ್ತೇ ರಸಮಯವಾಗುತ್ತದೆ ಎಂಬ ಶ್ಲೋಕ ಆನಂದವರ್ಧನನ ‘ಧ್ವನ್ಯಾಲೋಕ’ದಲ್ಲಿದೆ. ಅದು ಕಾವ್ಯದ ಸ್ವರೂಪವನ್ನು ಚರ್ಚಿಸುವ 9ನೆಯ ಶತಮಾನದ ಸಂಸ್ಕೃತ ಗ್ರಂಥ. ಜನ ಇದನ್ನು ಹೇಗೆ ಓದಿಯಾರು ಎಂಬುದು ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನಿಗೆ ಚೆನ್ನಾಗಿ ಗೊತ್ತಿತ್ತು. ಶೃಂಗಾರಿ ಎಂದರೆ ಆ ರಸವನ್ನು ಮನಸ್ಸಿನಲ್ಲಿ ಸವಿಯಬಲ್ಲವನು, ಹೆಣ್ಣಿನ ಚಟದವನೆಂದು ತಿಳಿಯಬಾರದು ಎಂದು ಅಲ್ಲೇ ಬರೆದಿಟ್ಟ. ಕಾಶ್ಮೀರದಲ್ಲಿ ಸಾವಿರ ವರ್ಷದ ಹಿಂದೆ ಇತ್ಯರ್ಥವಾದ ವ್ಯಾಜ್ಯವನ್ನು ನಿಮ್ಮ ಚಿಕ್ಕಮ್ಮ ಮತ್ತೆ ಹೂಡಿದ್ದಾರೆ.

ಈಗ ನಿಮ್ಮ ಕಥೆಗೆ ಬರೋಣ. ಎಲ್ಲರೂ ಬೊಟ್ಟು ಮಾಡುತ್ತಿರುವ ಬಚ್ಚಲುಮನೆಯ ಪ್ರಸಂಗವನ್ನು ಇನ್ನೊಮ್ಮೆ ಓದಿದೆ. ಹಂಡೆಯ ಒಲೆಯಲ್ಲಿ ಹಸಿ ಕಟ್ಟಿಗೆಯ ಹೊಗೆ, ಸೀಗೆಪುಡಿಯ ಘಾಟು, ಹಂಚಿನ ಸಂದಿಯಿಂದ ತೊಟ್ಟಿಕ್ಕುವ ನೀರು, ಕದದಾಚೆ ಟವೆಲ್ ಹಿಡಿದು ನಿಂತವನ ಸಣ್ಣ ಕೆಮ್ಮು. ಅಷ್ಟೇ. ಅವರಿಬ್ಬರೂ ಮುಟ್ಟಿಕೊಳ್ಳುವುದೇ ಇಲ್ಲ! ಅಲಂಕಾರಶಾಸ್ತ್ರದಲ್ಲಿ ಇವಕ್ಕೆ ಉದ್ದೀಪನ ವಿಭಾವ ಎನ್ನುತ್ತಾರೆ. ಮಳೆ, ಹೊಗೆ, ಏಕಾಂತ ಎಲ್ಲ ಭಾವವನ್ನು ಕೆರಳಿಸುವ ಸಾಮಗ್ರಿ. ಉಳಿದದ್ದನ್ನು ಓದುಗರು ತಮ್ಮ ನೆನಪಿನಿಂದ ತುಂಬಿಕೊಂಡರು, ಗಾಬರಿಯಾದರು, ಹೊಣೆಯನ್ನು ನಿಮ್ಮ ತಲೆಗೆ ಕಟ್ಟಿದರು. ಕಥೆ ಕೆಲಸ ಮಾಡಿದೆ ಎಂದೇ ನನ್ನ ಲೆಕ್ಕ. (ಮಳೆಯ ವರ್ಣನೆ ಒಂದು ಪುಟ ಹೆಚ್ಚಾಯಿತು. ಅದನ್ನು ಒಬ್ಬರೂ ಹೇಳಲಿಲ್ಲವೆಂಬುದೇ ನನಗೆ ಬೇಸರ.)

ಹಾಗಾದರೆ ಅನುಭವ ಬೇಡವೇ? ಬೇಕು, ಸೀಗೆಪುಡಿಯದು. ಅದು ಕಣ್ಣಿಗೆ ಬಿದ್ದರೆ ಹೇಗೆ ಉರಿಯುತ್ತದೆಂದು ತಿಳಿಯದವರು ಆ ಪ್ರಸಂಗವನ್ನು ಬರೆಯಲಾರರು. ಪ್ರೇಮಿ ಕಲ್ಪನೆಯವನಾದರೂ ನಡೆಯುತ್ತದೆ.

ಇದೇ ಪ್ರಶ್ನೆ ಗಂಡಸರಿಗೂ ಬರುತ್ತದೆಯೇ ಎಂದರೆ, ಬರುತ್ತದೆ. ಆದರೆ ಹೆಗಲು ತಟ್ಟಿ ಕೇಳುತ್ತಾರೆ. ನಿಮ್ಮನ್ನು ಹುಬ್ಬೇರಿಸಿ ಕೇಳುತ್ತಾರೆ. ವ್ಯತ್ಯಾಸ ನಿಮಗೆ ಗೊತ್ತಿರುವುದೇ.

ನೀವು ಕೇಳಿಲ್ಲ, ಆದರೂ ಮುಂದಿನ ಪತ್ರದಲ್ಲಿ ಕೇಳುತ್ತೀರಿ: ಕಾವ್ಯನಾಮ ಇಟ್ಟುಕೊಳ್ಳಲೇ? ಮರೆಯಾಗುವುದಕ್ಕಾದರೆ ಕನ್ನಡದಲ್ಲಿ ಅದು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ‘ಶ್ರೀನಿವಾಸ’ ಎಂದರೆ ಮಾಸ್ತಿ, ‘ತ್ರಿವೇಣಿ’ ಎಂದರೆ ಅನಸೂಯಾ ಶಂಕರ್ ಎಂದು ಓದುವವರಿಗೆಲ್ಲ ಗೊತ್ತು. ಆದರೂ ಬೇಕೆನಿಸಿದರೆ ಹೊಸ ಹೆಸರನ್ನು ಮೊದಲು ಒಂದು ಸಾಧುವಾದ ಕಥೆಗೆ ಹಾಕಿ, ಅದು ನಾಲ್ಕು ಜನರ ಕಣ್ಣಿಗೆ ಬೀಳಲಿ. ಈ ಕಥೆಯನ್ನೇ ಈಗ ಹೆಸರು ಬದಲಿಸಿ ಮತ್ತೆ ಪ್ರಕಟಿಸಿದರೆ ಚಿಕ್ಕಮ್ಮ ಎರಡನೆಯ ಸಲ ಫೋನ್ ಮಾಡುತ್ತಾರೆ.