ಕ್ಯಾಮ್ಡೆನ್ ನಗರದ ಕೊಲೆ ಅಂಕಿಗಳು: ಏರಿತೋ, ಇಳಿಯಿತೋ, ಅಥವಾ ಬರೀ ಅಲುಗಾಟವೋ?

ನ್ಯೂ ಜೆರ್ಸಿಯ ಕ್ಯಾಮ್ಡೆನ್ ಡೆಲವೇರ್ ನದಿಯ ದಂಡೆಯ ಸಣ್ಣ ನಗರ. ಆಚೆ ದಂಡೆಯಲ್ಲಿ ಫಿಲಡೆಲ್ಫಿಯಾ. 2010ರ ಜನಗಣತಿಯಲ್ಲಿ ಇಲ್ಲಿದ್ದವರು 77,344 ಮಂದಿ, 2020ರಲ್ಲಿ 71,791. 2012ರಲ್ಲಿ ಈ ಊರಿನಲ್ಲಿ 67 ಕೊಲೆಗಳಾದವು, ಊರಿನ ಇತಿಹಾಸದಲ್ಲೇ ಅಷ್ಟು ಆಗಿರಲಿಲ್ಲ. 2024ರಲ್ಲಿ ಆದದ್ದು 17. ಈ ಎರಡು ಅಂಕಿಗಳ ನಡುವೆ ಏನೇನು ಓದಬಹುದು, ಏನನ್ನು ಓದಬಾರದು ಎಂಬುದನ್ನು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಕೊಲೆಯನ್ನೇ ಏಕೆ ಹಿಡಿಯಬೇಕು

ಎಫ್‌ಬಿಐ ಹಿಂಸಾಪರಾಧ ಎಂದು ಎಣಿಸುವುದು ನಾಲ್ಕನ್ನು: ಕೊಲೆ, ಅತ್ಯಾಚಾರ, ದರೋಡೆ, ಗಂಭೀರ ಹಲ್ಲೆ. ಹಳೆಯ ಪದ್ಧತಿಯಲ್ಲಿ ಒಂದೇ ಘಟನೆಯಲ್ಲಿ ಹಲವು ಅಪರಾಧಗಳಾದರೆ ಅತಿ ಗಂಭೀರವಾದ ಒಂದು ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ‘ಪ್ರಧಾನ ಅಪರಾಧ’ ನಿಯಮವೂ ಇದೇ ಬಗೆಯದು. 2013ರಲ್ಲಿ ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು. 2021ರಲ್ಲಿ ಹಳೆಯ ಪದ್ಧತಿಯನ್ನೇ ಕೈಬಿಟ್ಟಾಗ, ಹೊಸದಕ್ಕೆ ಇನ್ನೂ ಬದಲಾಗದ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ನಗರಗಳ ಲೆಕ್ಕವೇ ಆ ವರ್ಷ ಸೇರಲಿಲ್ಲ. ಇಷ್ಟೆಲ್ಲ ಬದಲಾದರೂ ಹೆಚ್ಚು ಕದಲದೆ ಉಳಿದದ್ದು ಕೊಲೆಯ ಎಣಿಕೆ. ದೀರ್ಘಕಾಲದ ಹೋಲಿಕೆಗೆ ಅದೇ ಗಟ್ಟಿ.

ಲಕ್ಷಕ್ಕೆ ಎಷ್ಟು ಎಂಬ ದರ ಸುಲಭ: 67ನ್ನು 77,344ರಿಂದ ಭಾಗಿಸಿ ಲಕ್ಷದಿಂದ ಗುಣಿಸಿದರೆ ಸುಮಾರು 87. ಭಾರತದ ದರ 2022ರಲ್ಲಿ 2.1 ಇತ್ತು ಎಂದರೆ ಆ 87ರ ಭೀಕರತೆ ಗೊತ್ತಾಗುತ್ತದೆ. ಆದರೆ ಲಕ್ಷವೂ ಇಲ್ಲದ ಊರಿಗೆ ಲಕ್ಷದ ಲೆಕ್ಕ ಹಾಕುತ್ತಿದ್ದೇವೆ. ಒಂದು ಕೊಲೆ ಹೆಚ್ಚಾದರೆ ದರ 1.3ರಷ್ಟು ಜಿಗಿಯುತ್ತದೆ ಎಂಬುದು ನೆನಪಿರಲಿ.

ವರ್ಗಮೂಲದ ಉಪಾಯ

ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ಇದು. 2014ರಲ್ಲಿ 33, 2015ರಲ್ಲಿ 32, 2016ರಲ್ಲಿ 44, 2017ರಲ್ಲಿ 23 ಕೊಲೆಗಳು. ಶೇಕಡಾವಾರು ಲೆಕ್ಕದಲ್ಲಿ 2016ರ ಏರಿಕೆ ಶೇ. 37.5, ಮರುವರ್ಷದ ಇಳಿಕೆ ಶೇ. 48. ಎರಡೂ ದೊಡ್ಡ ತಲೆಬರಹಕ್ಕೆ ಒದಗುವ ಅಂಕಿಗಳು. ನಿಜಕ್ಕೂ ಊರು ಬದಲಾಯಿತೇ?

ಊರಿನ ಅಪಾಯದ ಮಟ್ಟ ಒಂದಿಷ್ಟೂ ಬದಲಾಗಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗಲೂ ವರ್ಷವರ್ಷದ ಎಣಿಕೆ ಒಂದೇ ಬರುವುದಿಲ್ಲ. ಅಪರೂಪದ ಘಟನೆಗಳ ಎಣಿಕೆ ತನ್ನ ವರ್ಗಮೂಲದಷ್ಟು ಆಚೀಚೆ ಅಲುಗುವುದು ಸಹಜ. 32ರ ವರ್ಗಮೂಲ 5.7, 44ರದು 6.6. ಎರಡು ವರ್ಷಗಳ ವ್ಯತ್ಯಾಸ ತೆಗೆಯುವಾಗ ಎಣಿಕೆಗಳನ್ನು ಕಳೆಯುತ್ತೇವೆ, ಸರಿ. ಹಾಗಿದ್ದರೆ ಅಲುಗಾಟವನ್ನು ಕಳೆಯದೆ ಕೂಡಿಸುವುದೇಕೆ? ಏಕೆಂದರೆ ಒಂದು ವರ್ಷದ ಆಕಸ್ಮಿಕ ಇನ್ನೊಂದು ವರ್ಷದ ಆಕಸ್ಮಿಕವನ್ನು ಅಳಿಸಿಹಾಕಲೇಬೇಕೆಂದಿಲ್ಲ. ಮೊದಲ ವರ್ಷ ಕೆಳಕ್ಕೆ, ಎರಡನೆಯ ವರ್ಷ ಮೇಲಕ್ಕೆ ಸರಿದಿದ್ದರೆ ಅಂತರ ಇನ್ನೂ ಹಿಗ್ಗುತ್ತದೆ. ಅನಿಶ್ಚಿತತೆ ಎರಡೂ ಕಡೆಯಿಂದ ಬಂದು ಸೇರುತ್ತದೆ. ಹಾಗೆಂದು 5.7ಕ್ಕೆ 6.6ನ್ನು ನೇರವಾಗಿ ಕೂಡಿಸುವುದೂ ಅಲ್ಲ. ಅವುಗಳ ವರ್ಗಗಳನ್ನು ಕೂಡಿಸಬೇಕು. 5.7ರ ವರ್ಗ 32 ತಾನೇ, 6.6ರದು 44. ಅಂದರೆ ಮೂಲ ಎಣಿಕೆಗಳನ್ನೇ ಕೂಡಿಸಿ ವರ್ಗಮೂಲ ತೆಗೆದರೆ ಮುಗಿಯಿತು: 76ರ ವರ್ಗಮೂಲ 8.7. ಇಷ್ಟು ಸರಳವಾದ ಸೂತ್ರ ಕೈಗೆ ಸಿಕ್ಕಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಈಗ 12ರ ಏರಿಕೆಯನ್ನು 8.7ರಿಂದ ಭಾಗಿಸಿ: 1.4. ಸಾಮಾನ್ಯವಾಗಿ 2 ದಾಟಿದರೆ ಮಾತ್ರ ಬದಲಾವಣೆಯನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಶೇ. 37.5ರ ಏರಿಕೆ ಆ ಗೆರೆಯನ್ನು ಮುಟ್ಟುವುದೇ ಇಲ್ಲ. 44ರಿಂದ 23ಕ್ಕೆ ಇಳಿದದ್ದು 2.6 ಬರುತ್ತದೆ, ನಿಜ. ಆದರೆ ಶಿಖರದ ವರ್ಷವನ್ನು ನೋಡಿಯೇ ಆರಿಸಿಕೊಂಡೆವಲ್ಲ, ಅಲ್ಲಿಂದ ಮುಂದೆ ಇಳಿತ ಕಾಣುವ ಸಂಭವವೇ ಹೆಚ್ಚು. ಮೂರು ವರ್ಷಗಳ ಸರಾಸರಿ ತೆಗೆದು ನೋಡಿ: 32, 44, 23 ಕೂಡಿದರೆ 99, ಸರಾಸರಿ 33. 2014ರ ಎಣಿಕೆಯೂ 33! ತಲೆಬರಹಗಳು ಮೇಲೆ ಕೆಳಗೆ ಹಾರುತ್ತಿದ್ದಾಗ ಊರು ಇದ್ದಲ್ಲೇ ಇತ್ತು.

ಒಂದು ಎಚ್ಚರಿಕೆ. ಈ ಲೆಕ್ಕ ಕೊಲೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಭಾವಿಸುತ್ತದೆ. ಸೇಡಿಗೆ ಸೇಡು ಎಂದು ನಡೆಯುವ ಕೊಲೆಗಳಿರುವ ಊರಿನಲ್ಲಿ ನಿಜವಾದ ಅಲುಗಾಟ ಇನ್ನೂ ಹೆಚ್ಚು. ಹಾಗಾಗಿ ನಾನು 2ರ ಬದಲು 3ರ ಗೆರೆಯನ್ನೇ ಇಟ್ಟುಕೊಳ್ಳುತ್ತೇನೆ.

ಗುಂಡೇಟು ಬಿದ್ದವರು ಬದುಕಿದರೆ

ಊರಿನೊಳಗೇ ಕೂಪರ್ ವಿಶ್ವವಿದ್ಯಾಲಯ ಆಸ್ಪತ್ರೆಯ ದೊಡ್ಡ ಟ್ರಾಮಾ ಕೇಂದ್ರವಿದೆ. ಗುಂಡು ತಗುಲಿದವನು ಅಲ್ಲಿ ಉಳಿದರೆ ಘಟನೆ ಗಂಭೀರ ಹಲ್ಲೆಯ ಕಾಲಮಿಗೆ, ಸತ್ತರೆ ಕೊಲೆಯ ಕಾಲಮಿಗೆ. ಗುಂಡೇಟಿನ ಎಣಿಕೆಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಕೊಲೆ ಇಳಿಯಿತು ಎಂದರೆ ಹಿಂಸೆ ಇಳಿಯಿತೋ, ಶಸ್ತ್ರಚಿಕಿತ್ಸೆ ಸುಧಾರಿಸಿತೋ ತಿಳಿಯುವುದಿಲ್ಲ.

ಪೊಲೀಸ್ ಬದಲಾವಣೆಗೆ ಎಷ್ಟು ಶ್ರೇಯ

2011ರ ಜನವರಿಯಲ್ಲಿ ಹಣವಿಲ್ಲದೆ ನಗರವು ಹೆಚ್ಚುಕಡಿಮೆ ಅರ್ಧದಷ್ಟು ಪೊಲೀಸರನ್ನು ಕೆಲಸದಿಂದ ತೆಗೆಯಿತು. 2013ರ ಮೇ ತಿಂಗಳಲ್ಲಿ ನಗರ ಪೊಲೀಸ್ ಇಲಾಖೆಯನ್ನೇ ವಿಸರ್ಜಿಸಿ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಪೊಲೀಸರು ಹೊಣೆ ಹೊತ್ತರು. ಮೊದಲ ವರ್ಷಗಳಲ್ಲಿ ಸಣ್ಣಪುಟ್ಟ ತಪ್ಪಿಗೂ ದಂಡದ ಚೀಟಿಗಳು ವಿಪರೀತ ಹೆಚ್ಚಿದವು, ಬಡವರಿಗೆ ಅದು ಭಾರವಾಯಿತು. 2019ರಲ್ಲಿ ಬಲಪ್ರಯೋಗಕ್ಕೆ ಬಿಗಿಯಾದ ನಿಯಮ ಬಂತು: ಸಹೋದ್ಯೋಗಿ ಮಿತಿ ಮೀರಿದರೆ ತಡೆಯುವುದೂ ಪೊಲೀಸನ ಕರ್ತವ್ಯ.

ಇಳಿಕೆಯನ್ನು 2012ರಿಂದ ಅಳೆಯುವವರು ಅತಿ ಕೆಟ್ಟ ವರ್ಷವನ್ನೇ ಆರಂಭವಾಗಿ ಹಿಡಿಯುತ್ತಾರೆ. ಅದರಲ್ಲಿ ಒಂದು ಪಾಲು ತಾನಾಗಿಯೇ ಇಳಿಯುತ್ತಿತ್ತು. ಆದರೂ 67ರಿಂದ 17ಕ್ಕೆ ಬಂದ ಇಳಿಕೆ ನಮ್ಮ ಸೂತ್ರದಲ್ಲಿ 5.5 ಕೊಡುತ್ತದೆ. ಅದು ಆಕಸ್ಮಿಕವಲ್ಲ ಎಂದು ಧೈರ್ಯವಾಗಿ ಹೇಳಬಹುದು, ಕಾರಣ ಪೊಲೀಸರೇ ಎಂದು ಮಾತ್ರ ಈ ಅಂಕಿಯೊಂದೇ ಹೇಳದು.

ಇನ್ನೊಂದು ವಾದವೂ ಕೇಳಿಬರುತ್ತದೆ: 2020ರಲ್ಲಿ ಅಮೆರಿಕದಾದ್ಯಂತ ಕೊಲೆಗಳು ಸುಮಾರು ಶೇ. 30ರಷ್ಟು ಏರಿದಾಗ ಕ್ಯಾಮ್ಡೆನ್‌ನಲ್ಲಿ ಏರಲಿಲ್ಲ, ಆದ್ದರಿಂದ ಸುಧಾರಣೆ ಫಲಿಸಿತು. ಮನಸ್ಸಿಗೆ ಹಿಡಿಸುವ ವಾದ. ಆದರೆ ಇಪ್ಪತ್ತೈದರ ಆಸುಪಾಸಿನ ಎಣಿಕೆಗೆ ಶೇ. 30 ಎಂದರೆ ಏಳೆಂಟು ಕೊಲೆಗಳು. 25 ಮತ್ತು 32ರ ಮೊತ್ತದ ವರ್ಗಮೂಲವೂ ಏಳೂವರೆ. ಭಾಗಿಸಿದರೆ ಒಂದರಷ್ಟೂ ಬರುವುದಿಲ್ಲ. ಅಂದರೆ ಏರಲಿಲ್ಲ ಎಂಬುದೂ ಬರೀ ಅಲುಗಾಟವಾಗಿರಬಹುದು.